ತವರಿಗೆ ಬಂದ ಮಗಳ ಮೈಬಣ್ಣ



ಈ ಸಲದ ಬರಹದ ವಿಷಯವನ್ನು ನೋಡಿ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಅರವತ್ತು ದಾಟಿದ ಮೇಷ್ಟ್ರಿಗೆ ಬಸುರಿಯರ ಮೈಬಣ್ಣದ ಉಸಾಬರಿ ಏಕೆ ಎಂದು ಕೇಳಲೂಬಹುದು. ನನ್ನ ಶ್ರೀಮತಿಯವರೂ ಮೊದಲು ಹಾಗೆಯೇ ಕೇಳಿದರು. "ಇದನ್ನೆಲ್ಲ ನೀವು ಬರೀಬೇಕಾ? ಓದಿದವರು ಏನಂದ್ಕೊಳ್ಳಲ್ಲ?" ಎಂದರು. ರಾತ್ರಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುವಾಗ ತಾವೇ ಮತ್ತೆ ಮಾತು ತೆಗೆದು, "ಬರೀರಿ. ಬರೆಯೋದಾದ್ರೆ ಮುಚ್ಚಿಡದೆ ಬರೀರಿ" ಎಂದರು. ಅವರ ಅಪ್ಪಣೆಯಾದ ಮೇಲೆಯೇ ಈ ಬರಹಕ್ಕೆ ಕುಳಿತಿದ್ದೇನೆ.

ಕಾರಣ ಇಷ್ಟೇ. ಹೋದ ತಿಂಗಳು ನಮ್ಮ ಬಳಗದ ಹುಡುಗಿಯೊಬ್ಬಳ ಸೀಮಂತಕ್ಕೆ ಹೋಗಿದ್ದೆವು. ಹಸಿರು ಸೀರೆ, ಕೈತುಂಬ ಬಳೆ, ಮುಡಿತುಂಬ ಮಲ್ಲಿಗೆ. ಮಣೆಯ ಮೇಲೆ ಲಕ್ಷಣವಾಗಿ ಕುಳಿತಿದ್ದಳು. ಆರತಿಗೆ ಬಂದ ಹಿರಿಯರೊಬ್ಬರು ಅವಳ ಗಲ್ಲ ಹಿಡಿದು, "ಯಾಕವ್ವಾ, ಮೊಕ ಇಷ್ಟೊಂದು ಕಪ್ಪಗಾಗೋಗೈತೆ? ಕೆಂಪಗೆ ಹಣ್ಣಿನಂಗಿದ್ದೆ!" ಎಂದರು. ಎರಡನೆಯವರು ಅವಳ ಕತ್ತನ್ನು ನೋಡಿ, "ಕತ್ತು ಕಪ್ಪಾಗೈತಲ್ಲ, ಗಂಡೇ ಬುಡು" ಎಂದು ತೀರ್ಪು ಕೊಟ್ಟರು. ಮೂರನೆಯವರು ಯಾವುದೋ ಕ್ರೀಮಿನ ಹೆಸರು ಹೇಳಿ, ಹಚ್ಚಿದರೆ ಹದಿನೈದು ದಿನದಲ್ಲಿ ಎಲ್ಲ ಹೋಗುತ್ತದೆಂದು ಭರವಸೆ ನೀಡಿದರು. ಯಾರ ಮಾತಿನಲ್ಲಿಯೂ ಕೇಡಿರಲಿಲ್ಲ. ಆ ಹುಡುಗಿ ನಗುತ್ತಲೇ ಇದ್ದಳು. ಆದರೆ ನಗುತ್ತಲೇ ಸೆರಗನ್ನು ಎಳೆದು ಕತ್ತು ಮುಚ್ಚಿಕೊಂಡದ್ದನ್ನು ನಾನು ಕಂಡೆ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನಾನು ಎರಡು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಎಲೆಯ ಮುಂದೆ ಕುಳಿತು ಪಾಯಸ ಉಂಡು ಬಂದೆ. ಆ ಋಣವನ್ನು ಈ ಬರಹದಲ್ಲಿ ತೀರಿಸುವ ಪ್ರಯತ್ನ ನನ್ನದು.

ನಮ್ಮೂರು ಕೊಕ್ಕರೆ ಬೆಳ್ಳೂರು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಚನ್ನಪಟ್ಟಣ ದಾಟಿ ರುದ್ರಾಕ್ಷಿಪುರದ ಬಳಿ ತಿರುಗಿಕೊಂಡರೆ ಸಿಗುವ ಮದ್ದೂರು ತಾಲ್ಲೂಕಿನ ಹಳ್ಳಿ. ಹೊರಗಿನವರು ನಮ್ಮೂರನ್ನು ಹಕ್ಕಿಗಳಿಂದ ಬಲ್ಲರು. ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ವರ್ಷಕ್ಕೊಮ್ಮೆ ಬಂದು ಮನೆಯಂಗಳದ ಹುಣಸೆ, ಆಲ, ಅತ್ತಿ ಮರಗಳಲ್ಲಿ ಗೂಡು ಕಟ್ಟಿ, ಶಿಂಷಾ ಹೊಳೆಯಿಂದಲೂ ಸುತ್ತಲ ಕೆರೆಗಳಿಂದಲೂ ಮೀನು ತಂದು ಮರಿ ಸಾಕಿ, ಮರಿಗಳಿಗೆ ರೆಕ್ಕೆ ಬಲಿತ ಮೇಲೆ ಹೊರಟುಹೋಗುತ್ತವೆ. ಹಿಂದೆ ಊರು ಹೊಳೆಯ ದಡದಲ್ಲಿತ್ತೆಂದೂ, 1916ರ ಸುಮಾರಿಗೆ ಪ್ಲೇಗು ಬಂದಾಗ ಜನ ಊರು ಬಿಟ್ಟು ಇಲ್ಲಿಗೆ ಬಂದರೆಂದೂ, ಹಕ್ಕಿಗಳೂ ಅವರ ಹಿಂದೆಯೇ ಬಂದವೆಂದೂ ಹಿರಿಯರು ಹೇಳುತ್ತಿದ್ದರು. 1994ರಲ್ಲಿ ಊರಿನ ಹುಡುಗರು ಸೇರಿ ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡು ಗೂಡಿನಿಂದ ಬಿದ್ದ ಮರಿಗಳನ್ನು ಸಾಕತೊಡಗಿದರು. 2007ರಲ್ಲಿ ಸರ್ಕಾರ ಊರನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು.

ಆದರೆ ಇವೆಲ್ಲಕ್ಕಿಂತ ಹಳೆಯದು ನಮ್ಮವರ ಒಂದು ನಂಬಿಕೆ. ಈ ಹಕ್ಕಿಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂಬುದೇ ಅದು. ತವರಿಗೆ ಬಂದ ಮಗಳನ್ನು ಯಾರಾದರೂ ಓಡಿಸುವರೇ? ಹಿಕ್ಕೆ ಬಿದ್ದು ಅಂಗಳ ಹೊಲಸಾದರೂ, ಮೀನಿನ ವಾಸನೆ ಮನೆಯೊಳಗೆ ಬಂದರೂ, ಹುಣಸೆ ಫಸಲು ಕೆಟ್ಟರೂ ನಮ್ಮವರು ಸಹಿಸಿಕೊಂಡರು. ಒಂದು ಸಂಗತಿಯನ್ನು ನೀವು ಗಮನಿಸಿದ್ದೀರೋ ಇಲ್ಲವೋ ಕಾಣೆ. ಗೂಡು ಕಟ್ಟುವ ಕಾಲದಲ್ಲಿ ಬಣ್ಣದ ಕೊಕ್ಕರೆಯ ಮುಖದ ಬೋಳು ಚರ್ಮ ಎಂದಿಗಿಂತ ಗಾಢವಾದ ಕೆಂಪಿಗೆ ತಿರುಗುತ್ತದೆ. ಸಂತಾನದ ಕಾಲದಲ್ಲಿ ದೇಹದೊಳಗಿನ ರಸಗಳು ಬದಲಾಗುವುದರಿಂದ ಚರ್ಮದ ಬಣ್ಣವೂ ಬದಲಾಗುತ್ತದೆ. ಅದನ್ನು ಕಂಡು "ಅಯ್ಯೋ, ಇದಕ್ಕೇನೋ ಆಗೈತೆ" ಎಂದು ನಮ್ಮೂರಲ್ಲಿ ಯಾರೂ ಮರುಗಿದ್ದಿಲ್ಲ. ಪಟ್ಟಣದವರು ಫೋಟೊ ಹಿಡಿಯಲು ಬರುತ್ತಾರೆ. ಹಕ್ಕಿಗೆ ಒಪ್ಪುವ ಈ ಮಾತು ನಿಜವಾಗಿ ತವರಿಗೆ ಬಂದ ಮಗಳಿಗೆ ಏಕೆ ಒಪ್ಪುವುದಿಲ್ಲ?

ಇಲ್ಲಿ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಸಂತಾನೋತ್ಪತ್ತಿಯ ಪಾಠ ಬಂದಾಗ ನಾನೇನು ಮಾಡುತ್ತಿದ್ದೆನೆಂದು ನನ್ನ ವಿದ್ಯಾರ್ಥಿಗಳಿಗೆ ನೆನಪಿದ್ದೀತು. ಹೂವಿನ ಪರಾಗಸ್ಪರ್ಶವನ್ನು ದಾಸವಾಳ ಕುಯ್ದು ತೋರಿಸಿ ಎರಡು ಪೀರಿಯಡ್ ಪಾಠ ಮಾಡುತ್ತಿದ್ದೆ. ಮನುಷ್ಯರ ಭಾಗ ಬಂದೊಡನೆ, "ಇದು ಸುಲಭವಾಗಿದೆ, ಮನೆಯಲ್ಲಿ ಓದಿಕೊಳ್ಳಿ, ಚಿತ್ರ ಮಾತ್ರ ಬರೆದು ತನ್ನಿ" ಎಂದು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಗಂಡು ಹೆಣ್ಣು ಮಕ್ಕಳು ಜೊತೆಗೆ ಕೂತ ತರಗತಿಯಲ್ಲಿ ನನಗೆ ನಾಲಗೆ ಏಳುತ್ತಿರಲಿಲ್ಲ. ಬಿ.ಎಡ್. ತರಬೇತಿಯಲ್ಲಿ ಪಾಠಯೋಜನೆ ಬರೆಯುವುದನ್ನು ಕಲಿತಿದ್ದೆನೇ ಹೊರತು ಸಂಕೋಚ ಬಿಡುವುದನ್ನು ಕಲಿತಿರಲಿಲ್ಲ. ಅಂದು ಮನೆಯಲ್ಲಿ ಓದಿಕೊಳ್ಳಿ ಎಂದದ್ದರ ಫಲವನ್ನು ನನ್ನ ಮನೆಯಲ್ಲಿಯೇ ಕಂಡೆ.

ನನ್ನ ಮಗಳು 2011ರಲ್ಲಿ ಚೊಚ್ಚಲ ಹೆರಿಗೆಗೆ ನಮ್ಮ ಮನೆಗೆ ಬಂದಳು. ಏಳು ತಿಂಗಳಾಗಿತ್ತು. ಎರಡು ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಕಂದು ಬಣ್ಣದ ಬಂಗು ಹರಡಿತ್ತು. ಬೆಳಿಗ್ಗೆ ಅಂಗಳದಲ್ಲಿ ಹಕ್ಕಿ ನೋಡುತ್ತ ಕೂರುವ ಹುಡುಗಿ ಬಾಗಿಲಿಂದಾಚೆ ಬರುವುದನ್ನೇ ಬಿಟ್ಟಳು. ಬಸುರಿಯ ಆಲಸ್ಯವೆಂದುಕೊಂಡೆವು. ಒಂದು ದಿನ ಅವಳ ಮುಖ ಸುಟ್ಟಂತೆ ಕೆಂಪಾಗಿ, ಬಿಸಿಲು ತಾಗಿದರೆ ಉರಿಯೆಂದು ಒದ್ದಾಡತೊಡಗಿದಳು. ಆಗ ನನ್ನ ಶ್ರೀಮತಿಯವರಿಗೆ ದಿಂಬಿನ ಕೆಳಗೆ ಒಂದು ಸಣ್ಣ ಟ್ಯೂಬು ಸಿಕ್ಕಿತು. ಔಷಧಿ ಅಂಗಡಿಯೊಂದರಲ್ಲಿ ಚೀಟಿಯಿಲ್ಲದೆ ಕೊಂಡು ಎರಡು ತಿಂಗಳಿಂದ ಹಚ್ಚಿಕೊಳ್ಳುತ್ತಿದ್ದಳಂತೆ. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರಮ್ಮ ಟ್ಯೂಬನ್ನು ತಿರುಗಿಸಿ ಓದಿ, "ಇದರಲ್ಲಿ ಸ್ಟೀರಾಯ್ಡ್ ಇದೆ, ಹೈಡ್ರೋಕ್ವಿನೋನ್ ಇದೆ, ಟ್ರೆಟಿನಾಯಿನ್ ಇದೆ. ಬಸುರಿಗೆ ಯಾರಮ್ಮ ಇದನ್ನ ಕೊಟ್ಟಿದ್ದು?" ಎಂದು ಕೇಳಿದರು. ಮಗಳು ನನ್ನ ಕಡೆ ನೋಡಿ, "ಅಪ್ಪಾಜಿ, ಎಲ್ಲಾರೂ ಕೇಳ್ತಾರೆ, ಏನಾಯ್ತು ಮೊಕಕ್ಕೆ ಅಂತ. ನಾನೇನು ಹೇಳ್ಲಿ?" ಎಂದಳು. ವಿಜ್ಞಾನದ ಮೇಷ್ಟ್ರ ಮಗಳಿಗೆ ಆ ಪ್ರಶ್ನೆಗೆ ಉತ್ತರ ತಿಳಿದಿರಲಿಲ್ಲ. ನಿಜ ಹೇಳಬೇಕೆಂದರೆ ಮೇಷ್ಟ್ರಿಗೂ ತಿಳಿದಿರಲಿಲ್ಲ. ಅಂದಿನಿಂದ ಓದಿ, ವೈದ್ಯರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ತರಗತಿಯ ಪಾಠದಂತೆ ಹೇಳುತ್ತೇನೆ. ತಡವಾದ ಪಾಠವೆಂದು ಕ್ಷಮಿಸಿ.

ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್ ಎಂಬ ವಸ್ತು. ಬಸುರಿನಲ್ಲಿ ಮಾಸು, ಅಂದರೆ ಪಠ್ಯಪುಸ್ತಕದ ಜರಾಯು, ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳನ್ನು ಹೇರಳವಾಗಿ ತಯಾರಿಸುತ್ತದೆ. ಮೆಲನಿನ್ ತಯಾರಿಸುವ ಕೋಶಗಳನ್ನು ಪ್ರಚೋದಿಸುವ ಇನ್ನೊಂದು ಹಾರ್ಮೋನೂ ರಕ್ತದಲ್ಲಿ ಹೆಚ್ಚುತ್ತದೆ. ಪರಿಣಾಮವಾಗಿ ಹತ್ತು ಮಂದಿ ಗರ್ಭಿಣಿಯರಲ್ಲಿ ಸುಮಾರು ಒಂಬತ್ತು ಮಂದಿಗೆ ಚರ್ಮ ಎಲ್ಲಾದರೂ ಒಂದು ಕಡೆ ಕಪ್ಪಾಗುತ್ತದೆ. ಮೊದಲೇ ಸ್ವಲ್ಪ ಹೆಚ್ಚು ಬಣ್ಣವಿರುವ ಜಾಗಗಳು, ಅಂದರೆ ಮೊಲೆಯ ತೊಟ್ಟು ಮತ್ತು ಅದರ ಸುತ್ತಲಿನ ವೃತ್ತ, ಕಂಕುಳು, ಕತ್ತು, ತೊಡೆಯ ಒಳಭಾಗ, ಮತ್ತಷ್ಟು ಕಪ್ಪಾಗುತ್ತವೆ. ಹೊಕ್ಕುಳಿಂದ ಕೆಳಗಿಳಿಯುವ ಕಪ್ಪು ಗೆರೆಯೂ ಹೊಸದಾಗಿ ಹುಟ್ಟಿದ್ದಲ್ಲ. ಆ ಗೆರೆ ಎಲ್ಲರ ಹೊಟ್ಟೆಯಲ್ಲಿಯೂ ಮಾಸಲಾಗಿ ಇದ್ದೇ ಇರುತ್ತದೆ. ಬಸುರಿನಲ್ಲಿ ಕಣ್ಣಿಗೆ ಕಾಣುವಷ್ಟು ಕಪ್ಪಾಗುತ್ತದೆ, ಅಷ್ಟೆ. ಮುಖದ ಬಂಗಿಗೂ ಕಾರಣ ಇದೇ. ಅದಕ್ಕೆ ಬಿಸಿಲೂ ಸೇರಿದರೆ ಮತ್ತಷ್ಟು ಗಾಢವಾಗುತ್ತದೆ. ನಾಟಿಗೂ ಕಬ್ಬಿನ ಗದ್ದೆಗೂ ಹೋಗಿ ದುಡಿಯುವ ನಮ್ಮ ಮಂಡ್ಯ ಸೀಮೆಯ ಹೆಣ್ಣುಮಕ್ಕಳಲ್ಲಿ ಅದು ಎದ್ದು ಕಾಣುವುದು ಸಹಜ. ಇವೆಲ್ಲ ಹೆರಿಗೆಯ ನಂತರ ಕೆಲವು ತಿಂಗಳುಗಳಲ್ಲಿ ತಾವಾಗಿಯೇ ತಿಳಿಯಾಗುತ್ತವೆ. ಬಂಗು ಮಾತ್ರ ಕೆಲವರಲ್ಲಿ ವರ್ಷ ಕಳೆದರೂ ಸ್ವಲ್ಪ ಉಳಿಯಬಹುದು. ಛತ್ರಿ, ತಲೆಯ ಮೇಲಿನ ಸೆರಗು, ವೈದ್ಯರು ಹೇಳಿದ ಸತುವಿನ ಆಕ್ಸೈಡಿನ ಸನ್‌ಸ್ಕ್ರೀನ್, ಇಷ್ಟು ಸಾಕು. ಉಳಿದ ಚಿಕಿತ್ಸೆಯನ್ನು ಹೆರಿಗೆಯಾದ ಮೇಲೆ ನೋಡಿಕೊಳ್ಳಬಹುದು.

ಹೊಟ್ಟೆ, ತೊಡೆ, ಎದೆಯ ಮೇಲೆ ಬೀಳುವ ಬಿರುಕಿನಂಥ ಗೆರೆಗಳನ್ನು ಈಗಿನವರು ಸ್ಟ್ರೆಚ್ ಮಾರ್ಕ್ ಎನ್ನುತ್ತಾರೆ. ಚರ್ಮ ಹಿಗ್ಗುವಾಗ ಅದರ ಒಳಪದರದ ನಾರುಗಳು ಹರಿಯುವುದರಿಂದ ಅವು ಮೂಡುತ್ತವೆ. ಮೊದಲು ಕೆಂಪು ಅಥವಾ ನೇರಳೆ ಛಾಯೆಯಲ್ಲಿದ್ದು, ಬರಬರುತ್ತ ಬೆಳ್ಳಿಯಂತೆ ಮಾಸುತ್ತವೆ, ಪೂರ್ತಿ ಅಳಿಯುವುದಿಲ್ಲ. ತಾಯಿಗೆ ಬಂದಿದ್ದರೆ ಮಗಳಿಗೂ ಬರುವ ಸಂಭವ ಹೆಚ್ಚು. ಇವು ಬಾರದಂತೆ ತಡೆಯುತ್ತೇವೆಂದು ಎಣ್ಣೆ, ಕ್ರೀಮು ಮಾರುವವರಿಗೆ ಲೆಕ್ಕವಿಲ್ಲ. 2012ರಲ್ಲಿ ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ 800 ಮಹಿಳೆಯರನ್ನೊಳಗೊಂಡ 6 ಪ್ರಯೋಗಗಳನ್ನು ಪರಿಶೀಲಿಸಿತು. ಹಚ್ಚುವ ಯಾವ ಲೇಪವೂ ಈ ಗೆರೆಗಳನ್ನು ತಡೆಯುತ್ತದೆಂಬುದಕ್ಕೆ ಗಟ್ಟಿಯಾದ ಆಧಾರ ಅದಕ್ಕೆ ಸಿಗಲಿಲ್ಲ. ಹಾಗೆಂದು ಅಜ್ಜಿ ಕೊಬ್ಬರಿ ಎಣ್ಣೆ ಸವರುವುದನ್ನು ನಿಲ್ಲಿಸಬೇಕಾಗಿಲ್ಲ. ಒಣಗಿ ನವೆಯಾಗುವ ಚರ್ಮಕ್ಕೆ ಅದರಿಂದ ಹಿತವಾಗುತ್ತದೆ. ಆ ಕೈಯ ಸ್ಪರ್ಶದಿಂದ ಮನಸ್ಸಿಗೂ ಹಿತವಾಗುತ್ತದೆ. ಸಾವಿರಾರು ರೂಪಾಯಿಯ ಸೀಸೆ ಬೇಕಿಲ್ಲ ಎಂಬುದಷ್ಟೇ ನನ್ನ ಮಾತು.

ಬಸುರಿನಲ್ಲಿ ದೇಹದ ರಕ್ತದ ಪ್ರಮಾಣ ಸುಮಾರು ಒಂದೂವರೆ ಪಟ್ಟಿನ ಹತ್ತಿರಕ್ಕೆ ಏರುತ್ತದೆ. ಆದುದರಿಂದ ಅಂಗೈ ಕೆಂಪಾಗುವುದು, ಸೆಖೆ ಹೆಚ್ಚಿ ಬೆವರುವುದು, ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಜಿನುಗುವುದು, ಕಾಲಿನ ನರಗಳು ಉಬ್ಬಿ ಕಾಣುವುದು, ಸಂಜೆಯ ಹೊತ್ತಿಗೆ ಪಾದ ಸ್ವಲ್ಪ ಊದಿಕೊಳ್ಳುವುದು ಇವೆಲ್ಲ ಸಾಮಾನ್ಯ. ಕೆಲವರಿಗೆ ಮೊಡವೆ ಹೆಚ್ಚುತ್ತದೆ, ಕೆಲವರಿಗೆ ಕತ್ತಿನಲ್ಲಿ ಸಣ್ಣ ನರುಲಿಯಂಥವು ಏಳುತ್ತವೆ. ತಲೆಗೂದಲು ಬಸುರಿನಲ್ಲಿ ದಟ್ಟವಾಗಿ, ಹೆರಿಗೆಯಾಗಿ ಎರಡು ಮೂರು ತಿಂಗಳಿಗೆ ಹಿಡಿಹಿಡಿಯಾಗಿ ಉದುರುತ್ತದೆ. ಮಗು ಮುಖ ನೋಡಿ ನಗಲು ಕಲಿತರೆ ತಾಯಿಯ ಕೂದಲು ಉದುರುತ್ತದೆ ಎಂದು ನನ್ನ ಅಜ್ಜಿ ಹೇಳುತ್ತಿದ್ದರು. ಕಾರಣ ಬೇರೆ, ಬಸುರಿನಲ್ಲಿ ಉದುರದೆ ಉಳಿದಿದ್ದ ಕೂದಲು ಒಟ್ಟಿಗೆ ಉದುರುತ್ತದೆ. ಆದರೆ ಕಾಲವನ್ನು ಅಜ್ಜಿ ಸರಿಯಾಗಿಯೇ ಗುರುತಿಸಿದ್ದರು. ಸಾಮಾನ್ಯವಾಗಿ ವರ್ಷ ತುಂಬುವಷ್ಟರಲ್ಲಿ ಮತ್ತೆ ಬೆಳೆಯುತ್ತದೆ.

ಪಾಠ ಇಲ್ಲಿಗೆ ಮುಗಿಯಿತು. ಇನ್ನು ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ಬಸುರಿಯ ಬಣ್ಣದ ಬಗ್ಗೆ ನಾವು ಆಡುವ ಮಾತು ಬರಿಯ ಮಾತಾಗಿ ಉಳಿಯುವುದಿಲ್ಲ. ಅದು ಮೂರು ದಾರಿಯಲ್ಲಿ ಕೇಡು ಮಾಡುತ್ತದೆ.

ಮೊದಲನೆಯದು, ನನ್ನ ಮಗಳ ದಿಂಬಿನ ಕೆಳಗಿದ್ದ ಟ್ಯೂಬು. ಸ್ಟೀರಾಯ್ಡ್ ಮುಲಾಮು ಮೊದಲು ಕೆಲವು ದಿನ ಮುಖವನ್ನು ಬೆಳ್ಳಗೆ ಮಾಡಿದಂತೆ ತೋರುತ್ತದೆ. ಆಮೇಲೆ ಚರ್ಮ ತೆಳುವಾಗಿ, ಕೆಂಪಾಗಿ ಉರಿಯುತ್ತದೆ. ಹಚ್ಚುವುದನ್ನು ಬಿಟ್ಟರೆ ಬಂಗು ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ. ಅತಿ ಪ್ರಬಲವಾದ ಸ್ಟೀರಾಯ್ಡನ್ನು ಬಸುರಿನಲ್ಲಿ ಹೆಚ್ಚು ಪ್ರಮಾಣದಲ್ಲಿ ಹಚ್ಚಿದವರ ಶಿಶುಗಳ ತೂಕ ಕಡಿಮೆಯಾಗುವ ಸಂಭವವಿದೆ. ಹೈಡ್ರೋಕ್ವಿನೋನ್ ಚರ್ಮದ ಮೂಲಕ ಗಣನೀಯವಾಗಿ ರಕ್ತಕ್ಕೆ ಸೇರುವುದರಿಂದ ಅದನ್ನೂ, ಟ್ರೆಟಿನಾಯಿನ್ನನ್ನೂ ಗರ್ಭಿಣಿಯರಿಗೆ ವೈದ್ಯರು ಬೇಡವೆನ್ನುತ್ತಾರೆ. ಹೆಸರು ಗೊತ್ತಿಲ್ಲದ ಕೆಲವು ಬಿಳುಪಿನ ಕ್ರೀಮುಗಳಲ್ಲಿ ಪಾದರಸವೂ ಇರುತ್ತದೆ. ಅದು ತಾಯಿಯ ಮೂತ್ರಪಿಂಡಕ್ಕೂ ಹೊಟ್ಟೆಯೊಳಗಿನ ಶಿಶುವಿಗೂ ಅಪಾಯ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಗುಳಿಗೆಯನ್ನಂತೂ ಗರ್ಭಿಣಿ ಮುಟ್ಟಲೇಬಾರದು; ಅದರಿಂದ ಶಿಶುವಿಗೆ ತೀವ್ರವಾದ ಅಂಗವೈಕಲ್ಯ ಉಂಟಾಗಬಲ್ಲದು. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಆದರೆ ಸೀಮಂತದ ಮನೆಯಲ್ಲಿ ಹಿರಿಯರು ಕೊಡುವ ಸಲಹೆಗೆ ಯಾವ ಚೀಟಿಯೂ ಬೇಕಿಲ್ಲವಲ್ಲ!

ಎರಡನೆಯದು, ಹುಟ್ಟಲಿರುವ ಮಗುವಿನ ಬಣ್ಣದ ಚಿಂತೆ. ಕೇಸರಿ ಹಾಲು ಕುಡಿದರೆ ಮಗು ಕೆಂಪಗೆ ಹುಟ್ಟುತ್ತದೆ, ಕಬ್ಬಿಣದ ಮಾತ್ರೆ ನುಂಗಿದರೆ ಕಪ್ಪಗೆ ಹುಟ್ಟುತ್ತದೆ ಎಂಬ ಮಾತು ನಮ್ಮಲ್ಲಿ ಇನ್ನೂ ಸತ್ತಿಲ್ಲ. ಕೇಸರಿಯಿಂದ ಖರ್ಚು ಹೆಚ್ಚುತ್ತದೆಯೇ ವಿನಾ ಬಣ್ಣ ಬದಲಾಗುವುದಿಲ್ಲ. ಮಾತ್ರೆಯನ್ನು ಬಿಡುವುದರಿಂದ ಆಗುವ ಹಾನಿ ಹಾಗಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗರ್ಭಿಣಿಯರಲ್ಲಿ ಶೇ 52ರಷ್ಟು ಮಂದಿಗೆ ರಕ್ತಹೀನತೆ ಇತ್ತು. ರಕ್ತವಿಲ್ಲದ ತಾಯಿಗೆ ಹೆರಿಗೆಯ ರಕ್ತಸ್ರಾವವನ್ನು ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಆದ್ದರಿಂದಲೇ ಸರ್ಕಾರಿ ಆಸ್ಪತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೊಗ್ರಾಂ ಫೋಲಿಕ್ ಆಮ್ಲವಿರುವ ಮಾತ್ರೆಯನ್ನು ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಪುಕ್ಕಟೆ ಕೊಡುತ್ತಾರೆ. ಮಾತ್ರೆ ನುಂಗಿದವರ ಮಲ ಕಪ್ಪಾಗುವುದು ನಿಜ. ಮಗು ಕಪ್ಪಾಗುತ್ತದೆಂಬ ನಂಬಿಕೆ ಅದರಿಂದಲೇ ಹುಟ್ಟಿರಬೇಕು. ಮಗುವಿನ ಬಣ್ಣ ತಂದೆತಾಯಿಗಳ ವಂಶವಾಹಿಗಳಿಂದ ಬರುತ್ತದೆ. ಹುಟ್ಟಿದಾಗ ತಿಳಿಯಾಗಿದ್ದ ಮಗು ಕೆಲವು ವಾರಗಳಲ್ಲಿ ತನ್ನ ನಿಜವಾದ ಬಣ್ಣಕ್ಕೆ ಬರುತ್ತದೆ. ಅದಕ್ಕೆ ತಾಯಿ ತಿಂದದ್ದು ಕುಡಿದದ್ದು ಕಾರಣವಲ್ಲ. ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ನುಂಗದೆ ನಿಂಬೆಹಣ್ಣಿನ ಪಾನಕದೊಡನೆ ನುಂಗಿದರೆ ಮೈಗೆ ಚೆನ್ನಾಗಿ ಹತ್ತುತ್ತದೆ ಎಂಬುದನ್ನು ಮಾತ್ರ ನೆನಪಿಡಿ.

ಎರಡನೆಯದಕ್ಕೇ ಸೇರಿದ ಇನ್ನೊಂದು ಮಾತು. ಕತ್ತು ಕಪ್ಪಾದರೆ ಗಂಡು, ಹೊಟ್ಟೆಯ ಗೆರೆ ಮೇಲಕ್ಕೆ ಹೋದರೆ ಇಂಥದು ಎಂದು ಲೆಕ್ಕ ಹಾಕುವುದನ್ನು ಹಿಂದೆ ನಾನೂ ವಿನೋದವೆಂದೇ ಭಾವಿಸಿದ್ದೆ. ಗೆರೆಗೂ ಮಗುವಿನ ಲಿಂಗಕ್ಕೂ ಯಾವ ಸಂಬಂಧವೂ ಇಲ್ಲ. ಗಂಡು ಹೆತ್ತವರಿಗೂ ಹೆಣ್ಣು ಹೆತ್ತವರಿಗೂ ಅದು ಒಂದೇ ರೀತಿ ಕಪ್ಪಾಗುತ್ತದೆ. ಆದರೆ ನಾವಿರುವ ಜಿಲ್ಲೆಯನ್ನು ಮರೆಯಬಾರದು. ಭ್ರೂಣಲಿಂಗ ಪತ್ತೆಯನ್ನು 1994ರ ಕಾಯಿದೆ ನಿಷೇಧಿಸಿದೆ. ಹಾಗಿದ್ದೂ 2023ರಲ್ಲಿ ಮಂಡ್ಯದ ಬಳಿಯ ಆಲೆಮನೆಯೊಂದರಲ್ಲಿ ಯಂತ್ರವಿಟ್ಟುಕೊಂಡು ಭ್ರೂಣಲಿಂಗ ಪತ್ತೆ ನಡೆಸುತ್ತಿದ್ದ ಜಾಲ ಬಯಲಾಯಿತು. ಬೆಲ್ಲ ಬೇಯುವ ಜಾಗದಲ್ಲಿ ಅಂಥ ಕೆಲಸ ನಡೆದ ಸುದ್ದಿ ಓದಿ ನನಗೆ ಎರಡು ದಿನ ಊಟ ರುಚಿಸಲಿಲ್ಲ. "ಗಂಡೇ ಬುಡು" ಎಂಬ ಸಂತೋಷದ ಮಾತಿನ ಹಿಂದೆ, ಹೆಣ್ಣಾದರೆ ಎಂಬ ಅಂಜಿಕೆ ಆ ಬಸುರಿಯ ಎದೆಯಲ್ಲಿ ಮೊಳೆಯುತ್ತದೆ. ಹಕ್ಕಿಗಳನ್ನು ಹೆಣ್ಣುಮಕ್ಕಳೆಂದು ಕರೆದ ಊರಿನವರಿಗೆ ಇದು ತಕ್ಕದ್ದೇ?

ಮೂರನೆಯದು ಎಲ್ಲಕ್ಕಿಂತ ಗಂಭೀರವಾದದ್ದು. ಬಣ್ಣವನ್ನೇ ನೋಡುತ್ತ ಕುಳಿತವರಿಗೆ ನೋಡಬೇಕಾದ್ದು ಕಾಣುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಹೆಸರು ಬೇಡ, ಬರೆಯಲು ಅವಳ ಒಪ್ಪಿಗೆ ಪಡೆದಿದ್ದೇನೆ, ಎರಡನೆಯ ಬಸುರಿನ ಎಂಟನೆಯ ತಿಂಗಳಲ್ಲಿ ಅಂಗೈ ಅಂಗಾಲುಗಳ ನವೆಯಿಂದ ರಾತ್ರಿಯೆಲ್ಲ ನಿದ್ದೆಗೆಟ್ಟಳು. ಮೈಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ಮನೆಯವರು, "ಬಸುರೀಗೆ ನವೆ ಇದ್ದುದ್ದೇ ಕಣವ್ವ, ಪಿತ್ತ ಏರೈತೆ" ಎಂದರು. ಹೊಟ್ಟೆಯ ಚರ್ಮ ಹಿಗ್ಗಿದಾಗ ಅಲ್ಪ ಸ್ವಲ್ಪ ನವೆ ಸಹಜವೇ. ಅದೇ ಅವರನ್ನು ದಾರಿ ತಪ್ಪಿಸಿತು. ತಾಯಿ ಕಾರ್ಡ್ ನೋಡಲು ಬಂದ ಆಶಾ ಕಾರ್ಯಕರ್ತೆ ಅವಳ ಅಂಗೈಯ ಪರಚಿದ ಗಾಯಗಳನ್ನು ಕಂಡು, "ಇವತ್ತೇ ಹೊರಡಿ" ಎಂದು ಹಟ ಹಿಡಿದರು. ರಕ್ತಪರೀಕ್ಷೆಯಲ್ಲಿ ಪಿತ್ತರಸದ ಆಮ್ಲಗಳು ಏರಿದ್ದು ತಿಳಿಯಿತು. ಬಸುರಿನಲ್ಲಿ ಯಕೃತ್ತಿನಿಂದ ಪಿತ್ತರಸ ಸರಿಯಾಗಿ ಹರಿಯದೆ ರಕ್ತಕ್ಕೆ ಸೇರುವ ತೊಂದರೆ ಅದು. ಆ ಆಮ್ಲಗಳು ಬಹಳ ಏರಿದರೆ ಮಗು ಹೊಟ್ಟೆಯಲ್ಲಿಯೇ ತೀರಿಕೊಳ್ಳುವ ಅಪಾಯವಿದೆ. ವೈದ್ಯರು ಪದೇ ಪದೇ ಪರೀಕ್ಷೆ ಮಾಡಿ, ದಿನ ತುಂಬುವುದಕ್ಕೆ ಕಾಯದೆ ಮುಂಚಿತವಾಗಿಯೇ ಹೆರಿಗೆ ಮಾಡಿಸಿದರು. ತಾಯಿ ಮಗು ಇಬ್ಬರೂ ಉಳಿದರು. "ಸಾರ್, ಅವಾಗ ಎಲ್ಲಾರೂ ನನ್ನ ಮೊಕದ ಬಂಗು ನೋಡಿ ಮಾತಾಡೋರು, ಕೈ ಯಾರೂ ನೋಡ್ಲಿಲ್ಲ" ಎಂದು ಅವಳು ಹೇಳಿದ ಮಾತು ಈ ಬರಹದುದ್ದಕ್ಕೂ ನನ್ನ ಕಿವಿಯಲ್ಲಿದೆ.

ಆದ್ದರಿಂದ ಮನೆಯಲ್ಲಿ ಬಸುರಿಯಿದ್ದರೆ ಇವಿಷ್ಟನ್ನು ನೋಡಿ. ಗುಳ್ಳೆಯಿಲ್ಲದ ತೀವ್ರ ನವೆ, ಅದರಲ್ಲೂ ಅಂಗೈ ಅಂಗಾಲಿನಲ್ಲಿ, ರಾತ್ರಿ ಹೆಚ್ಚಾಗುವಂಥದು. ಕಣ್ಣು ಅಥವಾ ಮೈ ಹಳದಿಯಾಗುವುದು. ಮುಖ ಮತ್ತು ಕೈ ಇದ್ದಕ್ಕಿದ್ದಂತೆ ಊದಿಕೊಳ್ಳುವುದು, ಅದರೊಡನೆ ತಲೆನೋವು, ಕಣ್ಣು ಮಂಜಾಗುವುದು, ಎದೆಗೂಡಿನ ಕೆಳಗೆ ನೋವು, ಇವು ರಕ್ತದೊತ್ತಡ ಏರಿದ ಸೂಚನೆಗಳಿರಬಹುದು. ಒಂದೇ ಕಾಲು ಊದಿ ನೋಯುವುದು. ಜ್ವರದೊಡನೆ ಗುಳ್ಳೆಗಳೇಳುವುದು ಅಥವಾ ನೀರು ತುಂಬಿದ ಬೊಬ್ಬೆಗಳು. ಆಕಾರ ಬದಲಿಸಿ ಬೆಳೆಯುವ, ರಕ್ತ ಬರುವ ಮಚ್ಚೆ. ರೆಪ್ಪೆಯ ಒಳಭಾಗವೂ ಉಗುರೂ ಬಿಳಿಚಿಕೊಂಡು ಏದುಸಿರು ಬರುವುದು. ಇವುಗಳಲ್ಲಿ ಒಂದು ಕಂಡರೂ ಅಮಾವಾಸ್ಯೆ ಕಳೆಯಲಿ, ಮಂಗಳವಾರ ಹೋಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಗಾಡಿಯಿಲ್ಲದಿದ್ದರೆ 108ಕ್ಕೆ ಫೋನು ಮಾಡಬೇಕು.

ನನ್ನ ಚಿಕ್ಕಮ್ಮನವರೊಡನೆ ಈ ವಿಷಯ ಚರ್ಚಿಸಿದಾಗ ಅವರಿಗೆ ಸ್ವಲ್ಪ ಬೇಸರವಾಯಿತು. "ಹಂಗಾದ್ರೆ ಮಗೀನ ಮೊಕ ನೋಡಿ ಏನಾಯ್ತವ್ವಾ ಅಂತ ಕೇಳೋದೂ ತಪ್ಪಾ? ಕೇಳೋರು ಇಲ್ದೇ ಇದ್ರೆ ಅದೂ ಒಂದು ದುಃಖ ಅಲ್ವೇನಪ್ಪಾ?" ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ಒಂಟಿ ಮನೆಯಲ್ಲಿ ದೂರದ ಊರಿನಲ್ಲಿ ಬಸುರಿಯಾಗಿರುವ ಹೆಣ್ಣುಮಕ್ಕಳಿಗೆ ಕೇಳುವವರಿಲ್ಲದ ಕಷ್ಟ ದೊಡ್ಡದು. ಕೇಳುವುದನ್ನು ನಿಲ್ಲಿಸಿರೆಂದು ನಾನು ಹೇಳುವುದಿಲ್ಲ. ಕೇಳುವ ಪ್ರಶ್ನೆಯನ್ನು ಬದಲಿಸೋಣ. "ಮೊಕ ಯಾಕೆ ಕಪ್ಪಾಯ್ತು" ಎಂಬುದರ ಬದಲು "ರಾತ್ರಿ ನಿದ್ದೆ ಬರ್ತದಾ, ನವೆ ಐತಾ, ಮಾತ್ರೆ ನುಂಗ್ತಿದ್ದೀಯಾ, ಕಾಲು ಊದೈತಾ" ಎಂದು ಕೇಳಿದರೆ ಅದೇ ಪ್ರೀತಿ ಔಷಧಿಯಾಗುತ್ತದೆ. ಬಣ್ಣದ ಮಾತು ಬಂದರೆ, "ಎಲ್ಲಾರ್ಗೂ ಆಗ್ತದೆ ಮಗಾ, ನಂಗೂ ಆಗಿತ್ತು" ಎಂಬ ಒಂದು ಮಾತು ಸಾಕು. ಹತ್ತರಲ್ಲಿ ಒಂಬತ್ತು ಮಂದಿ ಹೇಳಬಹುದಾದ ಸತ್ಯ ಅದು. ವಿಚಿತ್ರವೆಂದರೆ ಯಾರೂ ಹೇಳುವುದಿಲ್ಲ. ನನ್ನ ಶ್ರೀಮತಿಯವರಿಗೂ ಬಂಗು ಬಂದಿತ್ತಂತೆ; ಮಗಳ ಪ್ರಸಂಗ ನಡೆಯುವವರೆಗೆ ಅವಳಿಗೂ ಹೇಳಿರಲಿಲ್ಲ, ನನಗೂ ಹೇಳಿರಲಿಲ್ಲ. ನಾನು ನೋಡಿರಲೂ ಇಲ್ಲ!

ಗಂಡಸರಿಗೂ ಒಂದು ಮಾತು. ಹೆಂಡತಿಯ ಹೊಟ್ಟೆಯ ಗೆರೆಗಳ ಬಗ್ಗೆ ಹಾಸ್ಯ ಮಾಡುವುದು ಹಾಸ್ಯವಲ್ಲ. ಅವು ನಿಮ್ಮ ಮಗು ಬೆಳೆದ ಜಾಗದ ಗುರುತುಗಳು. ಶಾಲೆಗಳಲ್ಲಿ ಪಾಠ ಮಾಡುತ್ತಿರುವ ನನ್ನ ವಿದ್ಯಾರ್ಥಿಗಳೂ ನಿಮ್ಮ ನಡುವೆ ಇದ್ದೀರಿ. ನಾನು ಬಿಟ್ಟ ಪಾಠವನ್ನು ನೀವು ಬಿಡಬೇಡಿ. ಗಂಡು ಹೆಣ್ಣು ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡೇ ಹೇಳಿ. ಮೊದಲ ಐದು ನಿಮಿಷ ನಗುತ್ತಾರೆ, ಆಮೇಲೆ ಕೇಳುತ್ತಾರೆ. ಪಠ್ಯದಲ್ಲಿ ಭ್ರೂಣದ ಚಿತ್ರವಿರುತ್ತದೆ, ಅದನ್ನು ಹೊತ್ತ ತಾಯಿಯ ಮೈಗೆ ಏನಾಗುತ್ತದೆಂಬುದು ಇರುವುದಿಲ್ಲ. ಅದನ್ನು ನಿಮ್ಮ ಮಾತಿನಿಂದ ತುಂಬಿ.

ನನ್ನ ಮಗಳ ಬಂಗು ಮಗುವಿಗೆ ವರ್ಷ ತುಂಬುವಷ್ಟರಲ್ಲಿ ಬಹುಪಾಲು ತಿಳಿಯಾಯಿತು. ಕೆನ್ನೆಯ ಮೇಲ್ಭಾಗದಲ್ಲಿ ಚೂರು ಉಳಿದಿದೆ. ಅವಳೀಗ ಅದನ್ನು ಮುಚ್ಚಿಕೊಳ್ಳುವುದಿಲ್ಲ. ಮೊಮ್ಮಗಳು ಹೈಸ್ಕೂಲಿನಲ್ಲಿದ್ದಾಳೆ. ಈ ಸಲ ರಜೆಗೆ ಬಂದವಳು ಅಂಗಳದಲ್ಲಿ ನಿಂತು ಹುಣಸೆಮರದ ಮೇಲಿನ ಕೊಕ್ಕರೆಯನ್ನು ನೋಡಿ, "ತಾತ, ಇದರ ಮುಖ ಯಾಕೆ ಇಷ್ಟು ಕೆಂಪು?" ಎಂದು ಕೇಳಿದಳು. ನಾನು ಕುರ್ಚಿ ಎಳೆದುಕೊಂಡು ಕುಳಿತು, ಕೊಕ್ಕರೆಯಿಂದ ಆರಂಭಿಸಿ ಅವಳ ಅಮ್ಮನ ಕೆನ್ನೆಯವರೆಗೆ ಎಲ್ಲವನ್ನೂ ಹೇಳಿದೆ. ಮನೆಯಲ್ಲಿ ಓದಿಕೋ ಎನ್ನಲಿಲ್ಲ.

ನಿಮ್ಮ ಮನೆಯ ಬಸುರಿ ಬಾಣಂತಿಯರಿಗೆ ನಮ್ಮಿಬ್ಬರ ಶುಭ ಹಾರೈಕೆಗಳು. ಮುಂದಿನ ಬಾರಿ ಮತ್ತೆ ಶಾಲೆಯ ನೆನಪುಗಳೊಂದಿಗೆ ಭೇಟಿಯಾಗೋಣ.